ವಾರಮ್ ಪರ್ಸಿಯಲ್ಲಿ ಊರು ಎಲ್ಲಿದೆ?

ಲೀಡ್ಸ್‌ನ ಅಪ್ಪ:
ಶನಿವಾರ ಮಗಳನ್ನು ಕರ್ಕೊಂಡು ಯಾರ್ಕ್‌ಷೈರ್‌ನ ವಾರಮ್ ಪರ್ಸಿಗೆ ಹೋಗಿದ್ದೆ. ಮಧ್ಯಕಾಲದ ಹಾಳೂರು ಅಂತ ಓದಿದ್ದೆ. ಚಾವಣಿ ಇಲ್ಲದ ಚರ್ಚು ಸಿಕ್ಕಿತು, ಪಕ್ಕದಲ್ಲೊಂದು ಕೊಳ. ಮಿಕ್ಕಿದ್ದೆಲ್ಲ ಹುಲ್ಲು. ಮನೆಗಳು ಎಲ್ಲಿ? ಪ್ಲೇಗಿಗೆ ಊರು ಖಾಲಿಯಾಯ್ತು ಅಂತ ಮಗಳಿಗೆ ಹೇಳಿದೆ, ಅದು ಸರಿನಾ?

ಹಿತ್ತಲ ಬಾಗಿಲು:
ಚರ್ಚಿನ ಮೇಲಿನ ದಿಬ್ಬ ಹತ್ತಿದ್ರಾ? ಹತ್ತಿದ್ದರೆ ಮನೆಗಳ ಮೇಲೇ ನಡೆದು ಬಂದಿದ್ದೀರಿ. ನಾನೂ ಮೊದಲ ಸಲ ಜೂನ್‌ನಲ್ಲಿ ಮಟಮಟ ಮಧ್ಯಾಹ್ನ ಹೋಗಿ ಏನೂ ಕಾಣದೆ ಬಂದಿದ್ದೆ. ಆಮೇಲೆ ಜನವರಿಯಲ್ಲಿ ಹೋದೆ, ಮಧ್ಯಾಹ್ನ ಮೂರು ಗಂಟೆ. ಬಿಸಿಲು ಓರೆಯಾಗಿ ಬೀಳ್ತಿತ್ತು. ಮೊಣಕಾಲಿಗೂ ಬಾರದ ದಿಣ್ಣೆಗಳಿಗೆಲ್ಲ ಉದ್ದನೆ ನೆರಳು. ನೋಡ್ತಾ ನೋಡ್ತಾ ಒಂದು ಮನೆಯ ಉದ್ದಗಲ ಹುಲ್ಲಿನಲ್ಲಿ ಎದ್ದು ಬಂತು. ಪಕ್ಕದಲ್ಲಿ ಇನ್ನೊಂದು. ಹಿಂದೆ ಉದ್ದಕ್ಕೆ ಹಿತ್ತಲು, ನಡುವೆ ಬದು. ತಗ್ಗಾಗಿ ಹೋಗೋ ಸಾಲು ಊರಿನ ದಾರಿ. ಕಾಲು, ಗಾಡಿ ತುಳಿದು ತುಳಿದು ನೆಲ ಕುಸಿದಿದೆ. ಆ ತಗ್ಗಿನಲ್ಲಿ ನಿಂತಾಗ ಗಂಟಲು ಕಟ್ಟಿತು.

ಪ್ಲೇಗಿನ ಕಥೆ ಮಾತ್ರ ಸರಿಯಲ್ಲ. 1348–49ರ ಪ್ಲೇಗ್ ಆದ ಮೇಲೂ ಊರು ಒಂದೂವರೆ ಶತಮಾನ ಬಾಳಿತು. ಕೊನೆಯ ಕುಟುಂಬಗಳನ್ನು 1500ರ ಆಸುಪಾಸಿನಲ್ಲಿ ಜಮೀನುದಾರ ಎಬ್ಬಿಸಿದ. ಉಣ್ಣೆಯಲ್ಲಿ ಲಾಭ ಜಾಸ್ತಿ, ಹಾಗಾಗಿ ಉಳುವ ಹೊಲ ಕುರಿಗೆ ಹೋಯಿತು. ರೋಗ ಅಂದುಬಿಟ್ಟರೆ ಆ ಅನ್ಯಾಯ ಮುಚ್ಚಿ ಹೋಗುತ್ತೆ. ದಯವಿಟ್ಟು ಮಗಳಿಗೆ ಇದನ್ನು ಹೇಳಿ.

ಸುಣ್ಣದಕಲ್ಲು:
ಇದೆಲ್ಲ ಗೊತ್ತಾಗಿದ್ದು ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ಪುರಾತತ್ವಜ್ಞ ಜಾನ್ ಹರ್ಸ್ಟ್ ಅವರಿಂದ. 1950ರಲ್ಲಿ ಶುರುವಾದ ಅಗೆತ 1990ರವರೆಗೆ ನಡೆಯಿತು, ಬೇಸಿಗೆ ಬೇಸಿಗೆಗೂ. ಚರ್ಚಿನ ಗೋಡೆ ಹತ್ತಿರ ಹೋಗಿ ನೋಡಿ. ಕಮಾನುಗಳನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಜನ ಹೆಚ್ಚಿದ್ದಾಗ ಪಕ್ಕಕ್ಕೆ ಅಗಲಿಸಿದ್ದ ಚರ್ಚು, ಕಡಿಮೆಯಾದ ಮೇಲೆ ಆ ಭಾಗ ಕೆಡವಿ ಕಿರಿದು ಮಾಡಿದರು. ಅರ್ಧ ಗೋಪುರ ಬಿದ್ದಿದ್ದು ಮಾತ್ರ ಈಚೆಗೆ, 1959ರಲ್ಲಿ.

ಲೀಡ್ಸ್‌ನ ಅಪ್ಪ:
ತುಂಬಾ ಥ್ಯಾಂಕ್ಸ್. ಮಗಳಿಗೆ ಈಗಷ್ಟೇ ಓದಿ ಹೇಳಿದೆ. ನಮ್ಮ ತಾತ ಶಾನುಭೋಗರು, ಜನ ಇಲ್ಲದ ಊರಿಗೆ ಕಡತದಲ್ಲಿ 'ಬೇಚಿರಾಕ್' ಅಂತ ಬರೀತಿದ್ದರು. ದೀಪ ಇಲ್ಲದ್ದು ಅಂತ ಅರ್ಥ. ಅದನ್ನೂ ಹೇಳಿದೆ. "ಹಾಗಾದ್ರೆ ಆ ಮನೆಯವರು ಎಲ್ಲಿಗೆ ಹೋದ್ರು?" ಅಂದಳು. ಜನವರಿಯಲ್ಲಿ ಮತ್ತೆ ಹೋಗ್ತೀವಿ, ಮೂರು ಗಂಟೆಗೆ.