ಅಪ್‌ಡೇಟ್: ಪ್ಲಾಸೆಂಟಾ ಪ್ರೀವಿಯಾ ಇತ್ತು, ಹೆರಿಗೆ ಆಯಿತು

20ನೇ ವಾರದ ಸ್ಕ್ಯಾನಿನಲ್ಲಿ ಪ್ಲಾಸೆಂಟಾ (ಮಾಸು) ಗರ್ಭಕೋಶದ ಬಾಯಿಯನ್ನೇ ಮುಚ್ಚಿದೆ, ಇದನ್ನೇ ಪ್ಲಾಸೆಂಟಾ ಪ್ರೀವಿಯಾ ಅನ್ನುತ್ತಾರೆ ಅಂದಿದ್ದರು. ಮಗುವಿಗೂ ನನಗೂ ಏನಾಗಬಹುದು ಎಂದು ಆಗ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮಗಳು ಹುಟ್ಟಿದ್ದಾಳೆ, ಇಬ್ಬರೂ ಚೆನ್ನಾಗಿದ್ದೇವೆ.

ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಪ್ಲಾಸೆಂಟಾ ಮೇಲಕ್ಕೆ ಸರಿಯುತ್ತದೆ ಎಂದು ನೀವು ಬರೆದಿದ್ದು ನಿಜ. ನನ್ನದು ಸರಿಯಲಿಲ್ಲ. 32ನೇ ವಾರದಲ್ಲಿ ಯೋನಿಯ ಮೂಲಕ ಸ್ಕ್ಯಾನ್ ಮಾಡಿದರು. ಅದಕ್ಕೆ ಹೆದರಬೇಡಿ. ಅದು ಸುರಕ್ಷಿತ, ಹೊಟ್ಟೆ ಮೇಲಿನ ಸ್ಕ್ಯಾನಿಗಿಂತ ನಿಖರ. ಬೆರಳಿನಿಂದ ಒಳಪರೀಕ್ಷೆ ಮಾತ್ರ ಮಾಡಿಸಿಕೊಳ್ಳಬಾರದು.

33ನೇ ವಾರದಲ್ಲಿ ಒಂದು ರಾತ್ರಿ, ಚೂರೂ ನೋವಿಲ್ಲದೆ ಹಾಸಿಗೆಯೆಲ್ಲ ರಕ್ತ. ನೋವಿಲ್ಲ ಅಲ್ವಾ, ಬೆಳಿಗ್ಗೆ ನೋಡೋಣ ಅಂತ ಸುಮ್ನೆ ಇರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ರಕ್ತ ನಿಂತಿತು. 36ನೇ ವಾರದಲ್ಲಿ ಸಿಸೇರಿಯನ್ ಆಯಿತು. ಗರ್ಭಕೋಶದ ಕೆಳಭಾಗ ಮೇಲ್ಭಾಗದಷ್ಟು ಬಿಗಿಯಾಗಿ ಮುದುಡುವುದಿಲ್ಲ, ಹಾಗಾಗಿ ಪ್ಲಾಸೆಂಟಾ ತೆಗೆದ ಮೇಲೂ ರಕ್ತ ಜಾಸ್ತಿ ಹೋಗುತ್ತದೆ. ನನಗೂ ರಕ್ತ ಹಾಕಬೇಕಾಯಿತು. ಮೊದಲೇ ತಂದಿಟ್ಟಿದ್ದರು, ಅದೇ ಕಾಪಾಡಿದ್ದು.

ಮಗಳು ಹುಟ್ಟಿದ ಕೂಡಲೇ ಅತ್ತಳು. ಆಮೇಲೆ ಏದುಸಿರು ಶುರುವಾಯಿತು. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟು ಆಮ್ಲಜನಕ ಕೊಟ್ಟರು. ಈಗ ಚೆನ್ನಾಗಿ ಹಾಲು ಕುಡಿಯುತ್ತಾಳೆ. ನನಗೆ ರಕ್ತಹೀನತೆ ಇದೆ, ಕಬ್ಬಿಣದ ಮಾತ್ರೆ ನಡೀತಿದೆ.

ಹಿಂದೆ ಸಿಸೇರಿಯನ್ ಆಗಿದ್ದು ಈಗ ಪ್ರೀವಿಯಾ ಇರುವವರು, ಪ್ಲಾಸೆಂಟಾ ಹಳೇ ಗಾಯದ ಜಾಗದಲ್ಲಿ ಆಳಕ್ಕೆ ಇಳಿದಿದೆಯಾ ಎಂದು ಡಾಕ್ಟರನ್ನು ದಯವಿಟ್ಟು ಕೇಳಿ. ಹಾಗಿದ್ದರೆ ಹೆರಿಗೆಗೆ ದೊಡ್ಡ ಆಸ್ಪತ್ರೆಯೇ ಬೇಕು.