ಹಳೆ ಮನೆ, ಹೊಸ ಪೋರ್ಷನ್ ನಡುವಿನ ಸಂದಿಗೆ ಯಾವ ಸೀಲೆಂಟ್ ಹಾಕಿಸಲಿ?

ಬೋಗಾದಿ ಮನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿ ಕಡೆ ನಮ್ಮ ಮನೆ. ಹಳೆ ಮನೆಯ ಪಕ್ಕಕ್ಕೇ ಬಾಡಿಗೆಗೆ ಅಂತ ಒಂದು ಹೊಸ ಪೋರ್ಷನ್ ಕಟ್ಟಿಸಿದ್ದೇವೆ. ಪಿಲ್ಲರ್ ಬೇರೆ, ಮೋಲ್ಡು ಬೇರೆ, ಮಧ್ಯೆ ಥರ್ಮಾಕೋಲ್ ಇಟ್ಟು ಸುಮಾರು 20 ಮಿ.ಮೀ. ಸಂದು ಬಿಟ್ಟಿದ್ದಾರೆ. ಅಲ್ಲಿವರೆಗೆ ಸರಿ. ಆಮೇಲೆ ಮೇಸ್ತ್ರಿ ಆ ಸಂದಿಗೆ ಮೇಲಿಂದ ಸಿಮೆಂಟ್ ಮೆತ್ತಿ, ಪುಟ್ಟಿ ಎಳೆದು, ಪೇಂಟ್ ಹೊಡೆಸಿ ಮುಗಿಸಿದರು. ಬೇಸಿಗೆ ಕಳೆಯುವುದರೊಳಗೆ ಮೇಲಿಂದ ಕೆಳಗಿನ ತನಕ ಬಿರುಕು. ಹಾರ್ಡ್‌ವೇರ್ ಅಂಗಡಿಯವರು "ಇದನ್ನ ಹಾಕಿ, ಏನೂ ಆಗಲ್ಲ" ಅಂತ ಸಿಲಿಕೋನ್ ಸೀಲೆಂಟಿನ (ಸಂದು ಮುಚ್ಚುವ, ಆರಿದ ಮೇಲೆ ರಬ್ಬರಿನಂತಾಗುವ ಪೇಸ್ಟ್) ಟ್ಯೂಬ್ ಕೊಟ್ಟರು. ಹಾಕುವಾಗ ಮೂಗಿಗೆ ಹೊಡೆಯುವ ಹುಳಿ ವಾಸನೆ. ಈಗ ಒಂದು ತುದಿ ಹಿಡಿದು ಎಳೆದರೆ ಲಾಡಿ ಹಾಗೆ ಉದ್ದಕ್ಕೆ ಕಿತ್ತು ಬರುತ್ತದೆ, ಅದರ ಮೇಲೆ ಪೇಂಟ್ ಕೂಡ ನಿಲ್ಲುತ್ತಿಲ್ಲ. ಸೆಪ್ಟೆಂಬರ್ ಮಳೆಗೆ ಬಾಡಿಗೆ ಮನೆಯ ರೂಮಿನ ಗೋಡೆ ಪೂರಾ ಒದ್ದೆ.

ಈಗ ಒಬ್ಬರು ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿಸಿ ಅನ್ನುತ್ತಾರೆ, ಇನ್ನೊಬ್ಬರು ಪಾಲಿಸಲ್ಫೈಡ್, ಪೇಂಟರ್ ಕೇಳಿದರೆ ಅಕ್ರಿಲಿಕ್ ಸಾಕು ಬಿಡಿ ಸಾರ್ ಅನ್ನುತ್ತಾರೆ. ತಲೆ ಕೆಟ್ಟಿದೆ. ಗೋಡೆಯ ಸಂದು ಸುಮಾರು ಆರೂವರೆ ಮೀಟರ್ ಎತ್ತರ, ತಾರಸಿ ಮೇಲೆ ಒಂಬತ್ತು ಮೀಟರ್ ಉದ್ದ. ಹಾಗೇ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಗಳ ಸುತ್ತಲೂ ಸ್ವಲ್ಪ ನೀರು ಬರುತ್ತಿದೆ. ಗೊತ್ತಿದ್ದವರು ಹೇಳಿ.

ಮಂಡ್ಯ ಸೈಟ್ ಇಂಜಿನಿಯರ್:

ಸಾರ್, ಯಾವ ಟ್ಯೂಬ್ ಅನ್ನುವುದು ಆಮೇಲಿನ ಮಾತು. ಮೊದಲು ಆ ಸಂದು ಎಷ್ಟು ಅಲ್ಲಾಡುತ್ತದೆ ಅಂತ ನೋಡಬೇಕು. ಕಾಂಕ್ರೀಟ್ ಒಂದು ಮೀಟರಿಗೆ, ಒಂದು ಡಿಗ್ರಿ ಬಿಸಿ ಏರಿದರೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ನಿಮ್ಮ ಎರಡೂ ಕಟ್ಟಡ 12 ಮೀಟರ್ ಉದ್ದ ಇವೆ ಅಂತಿಟ್ಟುಕೊಳ್ಳಿ. ಜನವರಿ ಬೆಳಗಿನ ಜಾವಕ್ಕೂ ಏಪ್ರಿಲ್ ಮಧ್ಯಾಹ್ನಕ್ಕೂ ಮೋಲ್ಡಿನ ಬಿಸಿಯಲ್ಲಿ 30 ಡಿಗ್ರಿ ವ್ಯತ್ಯಾಸ ಅಂತ ಹಿಡಿಯಿರಿ. ಈ ಕಡೆಯದು ಅರ್ಧ, ಆ ಕಡೆಯದು ಅರ್ಧ ಸೇರಿ ಸಂದಿನಲ್ಲಿ 3.6 ಮಿ.ಮೀ. ಆಟ ಬರುತ್ತದೆ. ಸಿಮೆಂಟಿಗೆ ಅಷ್ಟು ಹಿಗ್ಗುವ ಗುಣವೇ ಇಲ್ಲ, ಅದಕ್ಕೇ ಬಿರುಕು. ಇದರ ಜೊತೆ ಹೊಸ ಪೋರ್ಷನ್ ಇನ್ನೂ ಸ್ವಲ್ಪ ಕೆಳಗೆ ಕೂರುತ್ತದೆ, ಹಳೆಯದು ಕೂತಾಗಿದೆ. ಹಾಗಾಗಿ ಸಂದು ಬಿಟ್ಟಿದ್ದು ಒಳ್ಳೆಯದೇ, ಅದನ್ನು ಗಟ್ಟಿಯಾಗಿ ಮುಚ್ಚಿದ್ದೇ ತಪ್ಪು.

ಸೀಲೆಂಟ್ ಡಬ್ಬಿ ಮೇಲೆ ±25% ಅಂತ ಇದ್ದರೆ 20 ಮಿ.ಮೀ. ಸಂದು 5 ಮಿ.ಮೀ. ಅಗಲವಾದರೂ ತಡೆಯುತ್ತದೆ, 5 ಮಿ.ಮೀ. ಕಿರಿದಾದರೂ ತಡೆಯುತ್ತದೆ. ನಿಮ್ಮ 3.6ಕ್ಕೆ ಸಾಕು. ಅದೇ ಸಂದು 10 ಮಿ.ಮೀ. ಇದ್ದಿದ್ದರೆ ಬರೀ 2.5. ಮಧ್ಯಾಹ್ನದ ಉರಿಬಿಸಿಲಲ್ಲಿ, ಅಂದರೆ ಸಂದು ಕಿರಿದಾಗಿರುವಾಗ ಹಾಕಿದರೆ ಚಳಿಗಾಲದಲ್ಲಿ ಹರಿದೇ ಹೋಗುತ್ತಿತ್ತು. ಅದಕ್ಕೇ ತೀರಾ ಬಿಸಿಯೂ ಅಲ್ಲದ, ತೀರಾ ತಂಪೂ ಅಲ್ಲದ ಹೊತ್ತಿನಲ್ಲಿ ಹಾಕಿಸುವುದು. ಪೇಂಟರ್ ಹೇಳುವ ಅಕ್ರಿಲಿಕ್ ಒಳಗೋಡೆಯ ಕೂದಲೆಳೆ ಬಿರುಕಿಗೆ, ಬಾಗಿಲು ಚೌಕಟ್ಟಿನ ಅಂಚಿಗೆ ಸರಿ. ಅದರಲ್ಲಿರುವ ನೀರು ಆರಿದ ಮೇಲೆ ಕುಗ್ಗುತ್ತದೆ, ಹಿಗ್ಗುವ ಶಕ್ತಿಯೂ ಕಡಿಮೆ. ಇಂಥ ಸಂದಿಗೆ ಬೇಡವೇ ಬೇಡ.

ಹುಳಿ ವಾಸನೆಯ ಕಥೆ ಏನೆಂದರೆ, ಅದು ಅಸಿಟಾಕ್ಸಿ ಸಿಲಿಕೋನ್. ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಸಿಮೆಂಟ್ ಕ್ಷಾರ, ಇದು ಆಮ್ಲ. ಎರಡೂ ಸೇರುವ ಜಾಗದಲ್ಲೇ ಹಿಡಿತ ಹೋಗುತ್ತದೆ. ಗಾಜಿಗೆ ಆ ಸಿಲಿಕೋನ್ ಚೆನ್ನಾಗಿ ಅಂಟುತ್ತದೆ, ಅಕ್ವೇರಿಯಂ ಅಂಟಿಸುವುದಕ್ಕೂ ಬಳಸುತ್ತಾರೆ. ಗೋಡೆಗೆ, ಅಮೃತಶಿಲೆಗೆ, ಜಿಐ ಶೀಟಿಗೆ ಅಲ್ಲ. ಸಿಲಿಕೋನೇ ಬೇಕು ಅಂದರೆ ಟ್ಯೂಬ್ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರಬೇಕು, ಅಂದರೆ ಗಟ್ಟಿಯಾಗುವಾಗ ಆಮ್ಲ ಬಿಡದ ಬಗೆ. ಬಿಸಿಲು ತಡೆಯುವುದರಲ್ಲಿ ಸಿಲಿಕೋನನ್ನು ಮೀರಿಸಿದ್ದು ಇಲ್ಲ, ಆದರೆ ಪೇಂಟ್ ಮಾತ್ರ ಹಿಡಿಯುವುದಿಲ್ಲ.

ನಿಮ್ಮ ಹೊರಗೋಡೆಗೆ ನಾನು ಪಿಯು ಹಾಕಿಸುತ್ತಿದ್ದೆ. ಕಾಂಕ್ರೀಟಿಗೆ ಚೆನ್ನಾಗಿ ಹಿಡಿಯುತ್ತದೆ, ಮೇಲೆ ಪೇಂಟ್ ಹೊಡೆಯಬಹುದು. ಸುಮ್ನೆ ಬಿಸಿಲಿಗೆ ಬಿಟ್ಟರೆ ಕೆಲವು ವರ್ಷಕ್ಕೆ ಮೇಲ್ಮೈ ಹಳದಿಯಾಗಿ ಪುಡಿ ಏಳುತ್ತದೆ, ಪೇಂಟ್ ಹೊಡೆದರೆ ಆ ತೊಂದರೆ ಕಡಿಮೆ. ಎಂಎಸ್ ಪಾಲಿಮರ್ ಅಂತಲೂ ಸಿಗುತ್ತದೆ, ಸ್ವಲ್ಪ ದುಬಾರಿ, ಅದೂ ಆಗುತ್ತದೆ. ಪಾಲಿಸಲ್ಫೈಡ್ ಎರಡು ಡಬ್ಬಿಯದು, ಕಲಸಿ ಹಾಕಬೇಕು, ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 12118 ಅಂತ ಅದಕ್ಕೊಂದು ಸ್ಟ್ಯಾಂಡರ್ಡೇ ಇದೆ. ಯಾವಾಗಲೂ ನೀರಲ್ಲಿ ಮುಳುಗಿರುವ ಟ್ಯಾಂಕ್, ಕಾಲುವೆ ಸಂದುಗಳಿಗೆ ಅದು ಹೇಳಿ ಮಾಡಿಸಿದ್ದು. ಹದಿನೈದು ಮೀಟರ್ ಕೆಲಸಕ್ಕೆ ಡ್ರಿಲ್ಲಿಗೆ ಪ್ಯಾಡಲ್ ಸಿಕ್ಕಿಸಿ ಕಲಸುವ ರಗಳೆ ಯಾಕೆ?

ಹಳೇ ಗಾರೆ:

ಎಲ್ಲ ಸರಿ, ನಮ್ಮ ಕೆಆರ್‌ಎಸ್ ಅಣೆಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ, ಸುರ್ಕಿ ಗಾರೆಯಲ್ಲಿ (ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ್ದು) ಕಟ್ಟಿದ್ದು. ಅದಕ್ಕೆ ಯಾವ ಪಿಯು, ಯಾವ ಸಿಲಿಕೋನ್ ಹಾಕಿದ್ದರು? ಇವತ್ತಿಗೂ ನಿಂತಿಲ್ಲವೇ? ಈಗಿನವರು ಸರಿಯಾಗಿ ಗಾರೆ ಕಲಸುವುದನ್ನು ಬಿಟ್ಟು ಟ್ಯೂಬ್ ಹಿಂದೆ ಬಿದ್ದಿದ್ದಾರೆ ಅಷ್ಟೇ.

ಮಂಡ್ಯ ಸೈಟ್ ಇಂಜಿನಿಯರ್:

ಅಣ್ಣ, ಅಣೆಕಟ್ಟೆಯ ಕಲ್ಲಿನ ಕಟ್ಟಡದ ದಪ್ಪ ನೋಡಿದ್ದೀರಲ್ಲ. ಒಳಗಡೆ ಬಿಸಿ ಏರಿಳಿಯುವುದೇ ನಿಧಾನ. ಸುಣ್ಣದ ಗಾರೆ ಸ್ವಲ್ಪ ಬಳುಕುತ್ತದೆ, ಸಣ್ಣ ಬಿರುಕು ಬಿದ್ದರೆ ನೀರಿನ ಜೊತೆ ಸುಣ್ಣ ಕರಗಿ ಬಂದು ಅದೇ ಮುಚ್ಚಿಕೊಳ್ಳುತ್ತದೆ. ಐದು ಇಂಚಿನ ಮೋಲ್ಡು, ಬಿಸಿಲಿಗೆ ಕಾದ ಆರಿಂಚು ಗೋಡೆ, ಸಿಮೆಂಟ್ ಗಾರೆಗೆ ಆ ಗುಣ ಎಲ್ಲಿಂದ ಬರಬೇಕು? ಕಾಂಕ್ರೀಟ್ ಕೆಲಸದ ಸ್ಟ್ಯಾಂಡರ್ಡ್ ಐಎಸ್ 456ರಲ್ಲೇ 45 ಮೀಟರಿಗಿಂತ ಉದ್ದದ ಕಟ್ಟಡಕ್ಕೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್ (ಹಿಗ್ಗುವುದಕ್ಕೆ ಬಿಡುವ ಸಂದು) ಕೊಡಿ ಅಂತ ಹೇಳಿದೆ. ಇವರದು ಅಷ್ಟು ಉದ್ದ ಇಲ್ಲ, ಆದರೆ ಬೇರೆ ಬೇರೆ ಪಾಯದ ಎರಡು ಕಟ್ಟಡ.

ಗಾರೆ ಚೆನ್ನಾಗಿರಬೇಕು ಅನ್ನುವುದನ್ನು ಮಾತ್ರ ಒಪ್ಪುತ್ತೇನೆ. ಸಂದಿನ ಅಂಚಿನ ಪ್ಲಾಸ್ಟರಿಂಗ್ ತಟ್ಟಿ ನೋಡಿ ಸಾರ್. ಟೊಳ್ಳು ಸದ್ದು ಬಂದರೆ ಸೀಲೆಂಟ್ ಪ್ಲಾಸ್ಟರನ್ನು ಬಿಗಿಯಾಗಿ ಹಿಡಿಯುತ್ತದೆ, ಪ್ಲಾಸ್ಟರೇ ಗೋಡೆ ಬಿಟ್ಟು ಬರುತ್ತದೆ. ಅಂಥ ಕಡೆ ಒಡೆದು, ಪಾಲಿಮರ್ ಸೇರಿಸಿದ ಗಾರೆಯಲ್ಲಿ ಅಂಚು ಕಟ್ಟಿ, ಒಣಗಿದ ಮೇಲೆ ಮುಂದಿನ ಕೆಲಸ.

ಕಿಟಕಿ ಕೆಲಸ:

ಕಿಟಕಿ ವಿಷಯಕ್ಕೆ ನಾನು ಹೇಳುತ್ತೇನೆ, ಮೈಸೂರಲ್ಲಿ ಇದೇ ನನ್ನ ಕಸುಬು. ಯುಪಿವಿಸಿ ಕಾಂಕ್ರೀಟಿಗಿಂತ ಆರೇಳು ಪಟ್ಟು ಜಾಸ್ತಿ ಹಿಗ್ಗುತ್ತದೆ. ಎರಡು ಮೀಟರ್ ಕಿಟಕಿ 30 ಡಿಗ್ರಿಗೆ 4 ಮಿ.ಮೀ. ಹತ್ತಿರ ಹಿಗ್ಗಿದರೆ ಗೋಡೆ ಅರ್ಧ ಮಿ.ಮೀ. ದಾಟಿದರೆ ಹೆಚ್ಚು. ಅದಕ್ಕೆ ಚೌಕಟ್ಟಿನ ಸುತ್ತ ಬಿಳಿ ಸಿಮೆಂಟ್ ತುಂಬಿಸಿದ್ದರೆ ಮೊದಲು ತೆಗೆಸಿ. ಒಳಗೆ ಪಿಯು ಫೋಮ್, ಹೊರಗೆ ನ್ಯೂಟ್ರಲ್ ವೆದರ್ ಸಿಲಿಕೋನ್. ಫೋಮ್ ಒಂದನ್ನೇ ನಂಬಬೇಡಿ, ಬಿಸಿಲಿಗೆ ಅದು ಉದುರುತ್ತದೆ. ಚೌಕಟ್ಟಿನ ಮೇಲೆ ಕಂಪನಿ ಅಂಟಿಸಿದ ಪ್ಲಾಸ್ಟಿಕ್ ಫಿಲ್ಮ್ ಇನ್ನೂ ಇದ್ದರೆ ಅದನ್ನು ಕಿತ್ತು ಹಾಕಿ. ಫಿಲ್ಮ್ ಮೇಲೆ ಸಿಲಿಕೋನ್ ಎಳೆದು ಹೋದವರನ್ನು ಎಷ್ಟೋ ನೋಡಿದ್ದೇನೆ.

ಇನ್ನೊಂದು, ಕೆಳಗಿನ ಚೌಕಟ್ಟಿನ ಹೊರಮುಖದಲ್ಲಿ ಸಣ್ಣ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ಮಳೆನೀರು ಹೊರಗೆ ಹೋಗುವ ದಾರಿ ಅದು. ನೀರು ಬರುತ್ತಿದೆ ಅಂತ ಪೇಂಟರುಗಳು ಆ ತೂತನ್ನೇ ಸಿಲಿಕೋನ್ ಹಾಕಿ ಮುಚ್ಚಿಬಿಡುತ್ತಾರೆ, ಆಮೇಲೆ ನೀರು ಟ್ರ್ಯಾಕ್ ತುಂಬಿ ಮನೆಯೊಳಗೇ ಬರುತ್ತದೆ. ನಿಮ್ಮದೂ ಅದೇ ಇರಬಹುದು, ಒಮ್ಮೆ ಬಗ್ಗಿ ನೋಡಿ. ಒಂದು ಚೊಂಬು ನೀರು ಟ್ರ್ಯಾಕಿಗೆ ಹುಯ್ದರೆ ಗೊತ್ತಾಗುತ್ತದೆ.

ಕುವೆಂಪುನಗರ ತಾರಸಿ:

ಇಂಜಿನಿಯರ್ ಹೇಳಿದ್ದು ಗೋಡೆಗೆ ಸರಿ. ತಾರಸಿಗೆ ಬರೀ ಸೀಲೆಂಟ್ ನಂಬುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ನೀರು ನಿಲ್ಲುತ್ತದೆ, ಜನ ಓಡಾಡುತ್ತಾರೆ, ಹಪ್ಪಳ ಒಣಗಿಸುವ ಮಂಚದ ಕಾಲು ಸರಿಯಾಗಿ ಅದರ ಮೇಲೇ ಬರುತ್ತದೆ. ಸಂದಿನ ಎರಡೂ ಪಕ್ಕ ನಾಲ್ಕಾರು ಇಂಚಿನ ಕಟ್ಟೆ ಎತ್ತರಿಸಿ, ವಾಟರ್‌ಪ್ರೂಫಿಂಗನ್ನು ಆ ಕಟ್ಟೆಗೆ ಹತ್ತಿಸಿ, ಮೇಲೆ ಅಲ್ಯೂಮಿನಿಯಂ ಶೀಟ್ ಬಾಗಿಸಿ ಮುಚ್ಚಿಸಿ. ಶೀಟನ್ನು ಒಂದೇ ಕಡೆ ಸ್ಕ್ರೂ ಮಾಡಬೇಕು. ಎರಡೂ ಕಡೆ ಬಿಗಿದರೆ ಅದೇ ಎದ್ದು ಸ್ಕ್ರೂ ಕಿತ್ತುಕೊಳ್ಳುತ್ತದೆ. ಒಳಗೆ ಸೀಲೆಂಟ್ ಇರಲಿ, ಬೇಡ ಅನ್ನುವುದಿಲ್ಲ, ಆದರೆ ನೀರು ಅದರ ಹತ್ತಿರ ಬರದ ಹಾಗೆ ಮಾಡುವುದು ಮೊದಲು. ತಾರಸಿಯ ಇಳಿಜಾರು ಕೂಡ ಆ ಕಟ್ಟೆಯಿಂದ ಎರಡೂ ಕಡೆಗೆ ಹೊರಗೆ ಹೋಗಬೇಕು.

ಬೋಗಾದಿ ಮನೆ:

ತುಂಬಾ ಉಪಕಾರ ಆಯಿತು. ಕಿಟಕಿ ತೂತು ನೋಡಿದೆ, ಎರಡು ಕಿಟಕಿಯಲ್ಲಿ ಪೂರ್ತಿ ಮುಚ್ಚಿದ್ದಾರೆ! ತಾರಸಿ ಮೇಲೆ ಕಟ್ಟೆ ಹಾಕಿಸುತ್ತೇನೆ. ಪಿಯು ಅಂತ ತೀರ್ಮಾನ ಮಾಡಿದರೆ ಹಳೆ ಸಿಲಿಕೋನ್ ಮೇಲೇ ಹಾಕಬಹುದೇ? ಎಷ್ಟು ಬೇಕಾಗುತ್ತದೆ? ಸಂದು ಪೂರ್ತಿ ತುಂಬಿಸಬೇಕೆ? ಪೇಂಟರ್ "40 ಮಿ.ಮೀ. ಒಳಗೆ ತನಕ ತುಂಬಿಸಿದರೆ ಗಟ್ಟಿ" ಅನ್ನುತ್ತಿದ್ದಾರೆ.

ಮಂಡ್ಯ ಸೈಟ್ ಇಂಜಿನಿಯರ್:

ತಾರಸಿ ಕಟ್ಟೆ ಸಲಹೆಗೆ ನನ್ನದೂ ಓಟು.

ಹಳೆ ಸಿಲಿಕೋನ್ ಮೇಲೆ ಪಿಯು ನಿಲ್ಲುವುದಿಲ್ಲ. ಸಿಲಿಕೋನ್ ಮೇಲೆ ಸಿಲಿಕೋನ್ ಬಿಟ್ಟು ಬೇರೆ ಏನೂ ಸರಿಯಾಗಿ ಅಂಟುವುದಿಲ್ಲ. ಕೈಯಲ್ಲಿ ಕಿತ್ತ ಮೇಲೂ ಜಿಡ್ಡು ಉಳಿದಿರುತ್ತದೆ, ಗ್ರೈಂಡರ್ ಹಿಡಿದು ಎರಡೂ ಅಂಚನ್ನು ಒಂದೆರಡು ಮಿ.ಮೀ. ಉಜ್ಜಿ ಹೊಸ ಮೈ ಕಾಣಿಸಬೇಕು. ಮೆತ್ತಿದ ಸಿಮೆಂಟ್ ಪೂರಾ ತೆಗೆಸಿ, ಥರ್ಮಾಕೋಲನ್ನೂ ಒಂದೂವರೆ ಇಂಚು ಒಳಗೆ ತನಕ ಕೊರೆಸಿ. ಬ್ಲೋವರಿನಲ್ಲಿ ಧೂಳು ಊದಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಹಾಕುವುದು ಬೇಡ, ತೇವ ಇದ್ದರೆ ಪಿಯು ಗುಳ್ಳೆ ಏಳುತ್ತದೆ. ಅನುಮಾನ ಇದ್ದರೆ ಪಾಲಿಥೀನ್ ತುಂಡನ್ನು ಗೋಡೆಗೆ ಸುತ್ತಲೂ ಟೇಪ್ ಹಾಕಿ ಒಂದು ರಾತ್ರಿ ಬಿಡಿ. ಒಳಗಡೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಆರಿಲ್ಲ. ನಮ್ಮ ಕಡೆ ಅಕ್ಟೋಬರ್ ಮಳೆಯೂ ಜೋರು, ಜನವರಿ, ಫೆಬ್ರವರಿಯಲ್ಲಿ ಮಾಡಿಸಿ.

ತುಂಬಿಸಿದಷ್ಟೂ ಗಟ್ಟಿ ಅನ್ನುವುದು ತಪ್ಪು ಲೆಕ್ಕ. ದಪ್ಪ ಜಾಸ್ತಿಯಾದರೆ ಅದು ಹಿಗ್ಗುವುದಿಲ್ಲ, ಅಂಚನ್ನೇ ಎಳೆದು ಕೀಳುತ್ತದೆ. ಇಂಥ ಸಂದಿಗೆ ಅಗಲದ ಅರ್ಧ ಆಳ ಸಾಕು. ನಿಮ್ಮ 20ಕ್ಕೆ 10 ಮಿ.ಮೀ. ಅದಕ್ಕಿಂತ ಮುಖ್ಯ, ಸೀಲೆಂಟ್ ಎಡ ಅಂಚಿಗೆ, ಬಲ ಅಂಚಿಗೆ ಮಾತ್ರ ಅಂಟಬೇಕು, ಹಿಂದಕ್ಕೆ ಅಂಟಬಾರದು. ಮೂರೂ ಕಡೆ ಹಿಡಿದುಕೊಂಡರೆ ಎಳೆದಾಗ ಹೋಗುವುದಕ್ಕೆ ಜಾಗವೇ ಇರುವುದಿಲ್ಲ. ನಿಮ್ಮ ಸಿಲಿಕೋನ್ ಸಿಮೆಂಟಿನ ಮೇಲೆ ಎಳೆದದ್ದು, ಹುಳಿ ವಾಸನೆಯದಲ್ಲದೆ ಒಳ್ಳೆಯದನ್ನೇ ಹಾಕಿದ್ದರೂ ಬಾಳುತ್ತಿರಲಿಲ್ಲ. ಹಿಂದೆ ಬ್ಯಾಕರ್ ರಾಡ್ ತುರುಕಿಸಬೇಕು, ಉದ್ದನೆಯ ಬಿಳಿ ಅಥವಾ ಬೂದು ಬಣ್ಣದ ಫೋಮ್ ಹಗ್ಗ. 20 ಮಿ.ಮೀ. ಸಂದಿಗೆ 25 ಮಿ.ಮೀ. ರಾಡ್, ಬಿಗಿಯಾಗಿ ಕೂರಬೇಕು. ಸ್ಕ್ರೂಡ್ರೈವರಲ್ಲಿ ಚುಚ್ಚಿ ತಳ್ಳಿದರೆ ಅದರೊಳಗಿನ ಗಾಳಿ ಹೊರಬಂದು ಸೀಲೆಂಟಲ್ಲಿ ಗುಳ್ಳೆ ಬರುತ್ತದೆ, ಮೊಂಡು ಮರದ ತುಂಡಲ್ಲಿ ಒತ್ತಿಸಿ.

20 × 10 ಅಂದರೆ ಒಂದು ಮೀಟರಿಗೆ 200 ಎಂ.ಎಲ್. 600 ಎಂ.ಎಲ್. ಸಾಸೇಜ್ ಪ್ಯಾಕ್ (ಸೀಲೆಂಟ್ ತುಂಬಿದ ಉದ್ದನೆ ಫಾಯಿಲ್ ಚೀಲ) ಒಂದು ಮೂರು ಮೀಟರಿಗೆ ಬರುತ್ತದೆ. ಗೋಡೆ, ತಾರಸಿ ಸೇರಿ ಹದಿನೈದೂವರೆ ಮೀಟರ್, ಐದು ಪ್ಯಾಕ್ ಸಾಲುವುದಿಲ್ಲ, ಆರು ತರಿಸಿ. ಪೇಂಟರ್ ಹೇಳಿದ ಹಾಗೆ 40 ಮಿ.ಮೀ. ತುಂಬಿಸಿದರೆ ಇಪ್ಪತ್ತೊಂದು ಪ್ಯಾಕ್ ಬೇಕು, ಅಂಗಡಿಯವರಿಗೆ ಖುಷಿ. ಸಾಸೇಜಿಗೆ ಬೇರೆ ಗನ್ ಬೇಕು, ಮಾಮೂಲಿ ಟ್ಯೂಬ್ ಗನ್ನಿಗೆ ಹಿಡಿಯುವುದಿಲ್ಲ. ಪ್ಯಾಕ್ ಮೇಲಿನ ಎಕ್ಸ್‌ಪೈರಿ ನೋಡಿ ತನ್ನಿ. ಪ್ರೈಮರ್ ಬೇಕೋ ಬೇಡವೋ ಅನ್ನುವುದು ಆಯಾ ಕಂಪನಿಯ ಡೇಟಾ ಶೀಟಲ್ಲಿ ಇರುತ್ತದೆ. ತಾರಸಿ ಕಡೆ ಅಂತೂ ನಾನು ಹಾಕಿಸುತ್ತೇನೆ.

ಎರಡೂ ಪಕ್ಕ ಮಾಸ್ಕಿಂಗ್ ಟೇಪ್ ಹಾಕಿ, ತುಂಬಿದ ತಕ್ಷಣ ಪಟ್ಟಿಯಲ್ಲಿ ಒತ್ತಿ ಎಳೆದು, ಮೇಲೆ ಕೆನೆ ಕಟ್ಟುವ ಮೊದಲೇ ಟೇಪ್ ತೆಗೆಯಬೇಕು. ಹುಡುಗರು ಬೆರಳನ್ನು ಸೋಪು ನೀರಲ್ಲಿ ಅದ್ದಿ ಎಳೆಯುತ್ತಾರೆ, ಆ ನೀರು ಅಂಚಿಗೆ ಇಳಿದರೆ ಹಿಡಿತ ಕೆಡುತ್ತದೆ, ಬೇಡ ಅನ್ನಿ. ಪಿಯು ದಿನಕ್ಕೆ ಎರಡು ಮೂರು ಮಿ.ಮೀ. ಮಾತ್ರ ಒಳಗೆ ಆರುತ್ತದೆ, ಐದಾರು ದಿನ ಬಿಟ್ಟು ಪೇಂಟ್. ಸಾಧ್ಯವಾದರೆ ಮೊದಲು ಒಂದು ಅಡಿ ಮಾತ್ರ ಹಾಕಿಸಿ. ಆರಿದ ಮೇಲೆ ಬ್ಲೇಡಲ್ಲಿ ಒಂದು ತುದಿ ಕುಯ್ದು ಜೋರಾಗಿ ಎಳೆಯಿರಿ. ಸೀಲೆಂಟೇ ನಡುವೆ ಹರಿದರೆ ಹಿಡಿತ ಸರಿ ಇದೆ, ಅಂಚಿನಿಂದ ನುಣ್ಣಗೆ ಬಿಟ್ಟು ಬಂದರೆ ಉಳಿದ ಐದು ಪ್ಯಾಕ್ ತೆರೆಯಬೇಡಿ, ಮೊದಲು ಅಂಚು ಯಾಕೆ ಹಿಡಿಯಲಿಲ್ಲ ಅಂತ ನೋಡಿಸಿ.