ಕೋಬಾಲ್ಟ್ ದರ ಏಕೆ ಹೀಗೆ ಏರಿಳಿಯುತ್ತದೆ? ಲೋಹ ಖರೀದಿಯ ಅನುಭವಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರಿಂದ: ಬೆಂಗಳೂರಿನ ಕಾರ್ಖಾನೆಗಳಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಿಕಲ್, ಕೋಬಾಲ್ಟ್ ಮತ್ತು ಟಂಗ್‌ಸ್ಟನ್ ಖರೀದಿಸಿದ ಸದಸ್ಯರೊಬ್ಬರು ಈ ವಾರ ಉತ್ತರಿಸುತ್ತಿದ್ದಾರೆ. ಪ್ರಶ್ನೆಗಳು ಕೋಬಾಲ್ಟ್ ವಿಷಯಕ್ಕೇ ಸೀಮಿತವಾಗಿರಲಿ ಎಂದು ವಿನಂತಿ.

ಪ್ರಶ್ನೆ (ಪೀಣ್ಯದಲ್ಲಿ ಟೂಲ್ ರೂಂ ನಡೆಸುವ ಸದಸ್ಯರು): ಕಾರ್ಬೈಡ್ ಇನ್ಸರ್ಟ್ (ಲೋಹ ಕತ್ತರಿಸುವ ಉಪಕರಣದ ಬದಲಿಸಬಹುದಾದ ಮೊನೆ) ಮತ್ತು ಎಂ42 ಎಂಬ ಉಕ್ಕಿನ ಡ್ರಿಲ್‌ಗಳ ದರವನ್ನು ನಮ್ಮ ಡೀಲರ್ ಒಂದೇ ವರ್ಷದಲ್ಲಿ ಮೂರು ಸಲ ಏರಿಸಿದ್ದಾರೆ. ಕೇಳಿದರೆ "ಕೋಬಾಲ್ಟ್ ದುಪ್ಪಟ್ಟಾಗಿದೆ ಸ್ವಾಮಿ" ಎನ್ನುತ್ತಾರೆ. ಇದು ನಿಜವೋ, ನೆಪವೋ?

ಉತ್ತರ: ಕೋಬಾಲ್ಟ್ ದುಪ್ಪಟ್ಟಾದದ್ದು ನಿಜ. 2025ರ ಫೆಬ್ರವರಿಯಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಟನ್‌ಗೆ ಸುಮಾರು 21,000 ಡಾಲರ್ ಇದ್ದ ದರ ಆ ವರ್ಷದ ಕೊನೆಯ ಹೊತ್ತಿಗೆ 50,000 ಡಾಲರ್ ಆಸುಪಾಸಿಗೆ ಬಂದಿತ್ತು. ಆದರೆ ನಿಮ್ಮ ಬಿಲ್ಲಿನ ಏರಿಕೆಯನ್ನೆಲ್ಲ ಅದರ ತಲೆಗೆ ಕಟ್ಟುವ ಮೊದಲು ಒಂದು ಲೆಕ್ಕ ಮಾಡೋಣ. ಸಾಮಾನ್ಯ ಕಾರ್ಬೈಡ್ ಇನ್ಸರ್ಟಿನಲ್ಲಿ ಕೋಬಾಲ್ಟ್ ಇರುವುದು ತೂಕದ ಶೇ. 6ರಿಂದ 10ರಷ್ಟು, ಉಳಿದದ್ದು ಬಹುಪಾಲು ಟಂಗ್‌ಸ್ಟನ್ ಕಾರ್ಬೈಡ್. ಕಿಲೋಗೆ 80 ಗ್ರಾಂ ಎಂದು ಹಿಡಿದರೂ, ಕೋಬಾಲ್ಟ್ ಕಿಲೋಗೆ 29 ಡಾಲರ್ ಏರಿದಾಗ ಒಂದು ಕಿಲೋ ಕಾರ್ಬೈಡ್‌ನ ವೆಚ್ಚ ಏರುವುದು ಎರಡೂಕಾಲು ಡಾಲರಿನಷ್ಟು, ಅಂದರೆ ಸುಮಾರು ಇನ್ನೂರು ರೂಪಾಯಿ. ಹತ್ತು ಗ್ರಾಂ ತೂಗುವ ಒಂದು ಇನ್ಸರ್ಟಿಗೆ ಇದು ಎರಡು ರೂಪಾಯಿ. ಕಾರ್ಬೈಡ್ ತಯಾರಕರು ಕೊಳ್ಳುವುದು ನುಣ್ಣನೆಯ ಪುಡಿಯನ್ನಾದ್ದರಿಂದ ಮತ್ತು ಪುಡಿಯ ದರ ಗಟ್ಟಿಲೋಹಕ್ಕಿಂತ ಮೇಲಿರುವುದರಿಂದ ಮೂರು ರೂಪಾಯಿ ಎನ್ನಿ. ಎಂ42 ಉಕ್ಕಿನಲ್ಲೂ ಕೋಬಾಲ್ಟ್ ಪಾಲು ಶೇ. 8, ಅಲ್ಲಿಯೂ ಲೆಕ್ಕ ಹೆಚ್ಚು ಕಡಿಮೆ ಇದೇ. ನಿಮ್ಮ ಡೀಲರ್ ಹೇಳಬೇಕಾಗಿದ್ದ ಹೆಸರು ಟಂಗ್‌ಸ್ಟನ್. 2025ರ ಫೆಬ್ರವರಿಯಲ್ಲಿ ಚೀನಾ ಅದರ ರಫ್ತಿಗೆ ನಿಯಂತ್ರಣ ಹೇರಿದ ಮೇಲೆ ಅದರ ದರ ಎರಡು ಪಟ್ಟನ್ನೂ ಮೀರಿ ಏರಿತು, ಮತ್ತು ಇನ್ಸರ್ಟಿನ ತೂಕವೆಲ್ಲ ಇರುವುದು ಅದರಲ್ಲೇ. ಕೋಬಾಲ್ಟ್ ಹೆಸರು ಪತ್ರಿಕೆಗಳಲ್ಲಿ ಹೆಚ್ಚು ಬರುತ್ತದೆ. ನೆಪಕ್ಕೆ ಅದೇ ಅನುಕೂಲ.

ಪ್ರಶ್ನೆ (ಅರ್ಥಶಾಸ್ತ್ರ ವಿದ್ಯಾರ್ಥಿನಿ): ಬೆಲೆ ಏರಿದರೆ ಉತ್ಪಾದನೆ ಏರಬೇಕು, ಇಳಿದರೆ ಇಳಿಯಬೇಕು ಎಂದು ಓದಿದ್ದೇವೆ. 2022ರಿಂದ 2025ರ ಆರಂಭದವರೆಗೆ ಕೋಬಾಲ್ಟ್ ಬೆಲೆ ಕುಸಿಯುತ್ತಲೇ ಇದ್ದರೂ ಉತ್ಪಾದನೆ ಏರುತ್ತಲೇ ಹೋಯಿತು. ಇದು ಹೇಗೆ?

ಉತ್ತರ: ಈ ಮಾರುಕಟ್ಟೆಯ ಮರ್ಮವೆಲ್ಲ ಇರುವುದು ನೀವು ಕೇಳಿದ ಈ ಪ್ರಶ್ನೆಯಲ್ಲೇ. ಕೋಬಾಲ್ಟಿಗಾಗಿಯೇ ಅಗೆಯುವ ಗಣಿಗಳು ಮೊರಾಕ್ಕೋದ ಬೂ-ಅಝರ್‌ನಂತಹ ಕೆಲವೇ ಕೆಲವು. ಉಳಿದ ಎಲ್ಲ ಕಡೆ ಅದು ಉಪೋತ್ಪನ್ನ: ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ತಾಮ್ರದ ಜೊತೆಗೆ, ಇಂಡೋನೇಷ್ಯಾದಲ್ಲಿ ನಿಕಲ್ ಜೊತೆಗೆ ಹೊರಬರುತ್ತದೆ. ನಮ್ಮ ರಾಯಚೂರಿನ ರೈತ ಹತ್ತಿ ಬೆಳೆಯುವುದು ಅರಳೆಗಾಗಿ. ಹತ್ತಿಕಾಳಿನ ದರ ಏರಿತೆಂದು ಅವನು ಇನ್ನೆರಡು ಎಕರೆಗೆ ಬಿತ್ತುವುದಿಲ್ಲ, ಇಳಿಯಿತೆಂದು ಹೊಲ ಬೀಳು ಬಿಡುವುದೂ ಇಲ್ಲ. ಕಾಂಗೋದ ಗಣಿ ಕಂಪನಿಗೆ ಕೋಬಾಲ್ಟ್ ಎಂದರೆ ಈ ಹತ್ತಿಕಾಳು.

ಈಗ ನೀವು ಹೇಳಿದ ವರ್ಷಗಳನ್ನು ನೋಡಿ. 2022ರ ವಸಂತದಲ್ಲಿ ಟನ್‌ಗೆ 82,000 ಡಾಲರ್ ಮುಟ್ಟಿದ್ದ ದರ ಅಲ್ಲಿಂದ ಜಾರತೊಡಗಿತು. ಅದೇ ಜುಲೈನಲ್ಲಿ, ಚೀನಾದ ಸಿಎಂಒಸಿ ಕಂಪನಿಯ ತೆಂಕೆ ಫುಂಗುರುಮೆ ಗಣಿಯ ರಫ್ತು, ಕಾಂಗೋದ ಸರ್ಕಾರಿ ಕಂಪನಿ ಜೆಕಾಮಿನ್ ಜೊತೆಗಿನ ರಾಜಧನದ ವ್ಯಾಜ್ಯದಿಂದ ನಿಂತುಹೋಯಿತು. ರಫ್ತು ನಿಂತರೂ ಅಗೆತ ನಿಲ್ಲಲಿಲ್ಲ. ಸರಕು ಅಂಗಳದಲ್ಲಿ ರಾಶಿ ಬಿತ್ತು. 2023ರ ಏಪ್ರಿಲ್‌ನಲ್ಲಿ ರಾಜಿಯಾದ ಮೇಲೆ ಆ ರಾಶಿ ಪೇಟೆಗೆ ಹರಿಯಿತು. ಅದೇ ಕಂಪನಿಯ ಹೊಸ ಕಿಸಾನ್‌ಫು ಗಣಿಯೂ ಆ ವರ್ಷವೇ ಉತ್ಪಾದನೆ ಆರಂಭಿಸಿತು, ಮತ್ತು ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ ಕಂಪನಿಯನ್ನು ಸಿಎಂಒಸಿ ಹಿಂದಿಕ್ಕಿತು. 2024ರಲ್ಲಿ ಅದೊಂದೇ ಕಂಪನಿ 1,10,000 ಟನ್‌ಗೂ ಹೆಚ್ಚು ಕೋಬಾಲ್ಟ್ ತೆಗೆಯಿತು. ಕೋಬಾಲ್ಟ್ ದರ ನೆಲಕಚ್ಚಿರುವಾಗ ಇಷ್ಟು ತೆಗೆದದ್ದೇಕೆಂದರೆ ತಾಮ್ರ ಆ ಮೇ ತಿಂಗಳಲ್ಲಿ ಟನ್‌ಗೆ 10,000 ಡಾಲರ್ ದಾಟಿ ದಾಖಲೆ ಬರೆದಿತ್ತು. ಹತ್ತಿಗೆ ಒಳ್ಳೆಯ ದರವಿದ್ದಾಗ ಕಾಳು ಗೋದಾಮು ತುಂಬುವುದು ಸಹಜ.

ಆದ್ದರಿಂದ ಕೋಬಾಲ್ಟ್ ವ್ಯಾಪಾರದಲ್ಲಿರುವವರು ಮೊದಲು ನೋಡುವುದು ತಾಮ್ರದ ದರವನ್ನು. ಬೆಲೆ ಕುಸಿದಾಗ ಪೂರೈಕೆ ತಾನಾಗಿ ಕುಗ್ಗದಿರುವುದರಿಂದ ತಳ ಎಲ್ಲಿದೆ ಎಂದು ಹೇಳುವುದು ಕಷ್ಟ. ಬೇಡಿಕೆ ದಿಢೀರನೆ ಏರಿದಾಗ ಪೂರೈಕೆ ಹಿಗ್ಗದಿರುವುದರಿಂದ ಚಾವಣಿಯೂ ಕಾಣುವುದಿಲ್ಲ. 2016ರ ಆರಂಭದಲ್ಲಿ 25,000 ಡಾಲರ್‌ಗಿಂತ ಕೆಳಗಿದ್ದ ದರ 2018ರ ಮಾರ್ಚ್‌ನಲ್ಲಿ ಸುಮಾರು 95,000 ಆದದ್ದು, ಮರುವರ್ಷದ ಮಧ್ಯಕ್ಕೆ ಮತ್ತೆ 26,000ದ ಬಳಿ ಬಂದು ನಿಂತದ್ದು ಹೀಗೆ. ಆ ಏರಿಕೆಯಲ್ಲಿ ಬ್ಯಾಟರಿ ತಯಾರಕರ ಜೊತೆಗೆ, ಲೋಹವನ್ನು ಕೊಂಡು ಗೋದಾಮಿನಲ್ಲಿಟ್ಟು ಕಾದ ಹೂಡಿಕೆದಾರರ ಪಾಲೂ ಇತ್ತು. ಕೆನಡಾದ ಕೋಬಾಲ್ಟ್ 27 ಎಂಬ ಕಂಪನಿಯ ವ್ಯವಹಾರವೇ ಅದಾಗಿತ್ತು.

ಪ್ರತಿಕ್ರಿಯೆ (ಜಾಂಬಿಯಾದ ಕಿತ್ವೆಯಲ್ಲಿ ಗಣಿ ಎಂಜಿನಿಯರ್ ಆಗಿರುವ ಸದಸ್ಯರು): ಒಂದು ತಿದ್ದುಪಡಿ. ಪೂರೈಕೆ ಬೆಲೆಗೆ ಸ್ಪಂದಿಸುವುದೇ ಇಲ್ಲ ಎನ್ನುವುದು ಸರಿಯಲ್ಲ. ಗಡಿಯಾಚೆ ಕಾಂಗೋದ ಗಣಿ ಪಟ್ಟಣ ಕೊಲ್ವೇಜಿಯಲ್ಲಿ ಗುದ್ದಲಿ ಹಿಡಿದು ಅಗೆಯುವವರು ದರ ಏರಿದ ತಿಂಗಳೇ ಗುಂಡಿಗೆ ಇಳಿಯುತ್ತಾರೆ, ಬಿದ್ದ ತಿಂಗಳೇ ಬೇರೆ ಕೆಲಸ ಹುಡುಕುತ್ತಾರೆ. 2019ರಲ್ಲಿ ಗ್ಲೆನ್‌ಕೋರ್ ತನ್ನ ಮುತಾಂಡಾ ಗಣಿಯನ್ನೇ ಮುಚ್ಚಲಿಲ್ಲವೇ?

ಉತ್ತರ: ತಿದ್ದುಪಡಿ ಒಪ್ಪಿದೆ. ಕೈಗಣಿಗಾರರೇ ಈ ಮಾರುಕಟ್ಟೆಯ ಸ್ಪ್ರಿಂಗ್. ಬೆಲೆಯ ಮಾತು ಕೇಳುವ ಪೂರೈಕೆ ಇರುವುದು ಅವರಲ್ಲಿ. ಆ ಸ್ಪಂದನೆಯ ಬೆಲೆಯನ್ನು ತೆರುವವರು ಮರದ ಆಸರೆಯೂ ಇಲ್ಲದ ಸುರಂಗಕ್ಕೆ ಇಳಿಯುವವರು ಎಂಬುದನ್ನು ದರಪಟ್ಟಿ ಹೇಳುವುದಿಲ್ಲ. ಆದರೆ ಒಟ್ಟು ಉತ್ಪಾದನೆಯಲ್ಲಿ ಅವರ ಪಾಲು ಚಿಕ್ಕದು; ದೊಡ್ಡ ಗಣಿಗಳ ಪ್ರವಾಹವನ್ನು ಅದು ತಡೆಯಲಾರದು. ಮುತಾಂಡಾ ಆಗ ಜಗತ್ತಿನ ಅತಿ ದೊಡ್ಡ ಕೋಬಾಲ್ಟ್ ಮೂಲವಾಗಿತ್ತು, ನಿಜ. ಆದರೆ ಅದನ್ನು ನಿಲ್ಲಿಸಲು ದರ ಕುಸಿದದ್ದರ ಜೊತೆಗೆ ವೆಚ್ಚ ಮತ್ತು ತೆರಿಗೆ ಏರಿದ್ದೂ ಸೇರಿತ್ತು. ಕೋಬಾಲ್ಟನ್ನು "ಆಯಕಟ್ಟಿನ" ಖನಿಜವೆಂದು ಘೋಷಿಸಿ 2018ರ ಕೊನೆಯಲ್ಲಿ ಕಾಂಗೋ ಸರ್ಕಾರ ರಾಜಧನವನ್ನು ಶೇ. 10ಕ್ಕೆ ಒಯ್ದಿತ್ತು. ಅಲ್ಲಿಯೂ ಕೋಬಾಲ್ಟನ್ನಷ್ಟೇ ನಿಲ್ಲಿಸಲು ಬರಲಿಲ್ಲ, ತಾಮ್ರವನ್ನೂ ಸೇರಿಸಿ ಇಡೀ ಗಣಿಯನ್ನು ಮಲಗಿಸಬೇಕಾಯಿತು. ಎರಡು ವರ್ಷದ ಮೇಲೆ ಮತ್ತೆ ತೆರೆದರು.

ಪ್ರಶ್ನೆ (ಬೆಳಗಾವಿಯ ಸದಸ್ಯರು): ಹಾಗಾದರೆ 2025ರಲ್ಲಿ ದರ ಏರಿಸಿದ್ದು ಯಾರು?

ಉತ್ತರ: ಕಿನ್ಶಾಸಾದ, ಅಂದರೆ ಕಾಂಗೋದ, ಸರ್ಕಾರ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನ ನಾಲ್ಕನೇ ಮೂರು ಪಾಲು ಒಂದೇ ದೇಶದ ಹಿಡಿತದಲ್ಲಿದೆ. ಅದನ್ನು ಸಂಸ್ಕರಿಸುವ ಕೆಲಸದ ಅಷ್ಟೇ ದೊಡ್ಡ ಪಾಲು ಇನ್ನೊಂದು ದೇಶದ, ಅಂದರೆ ಚೀನಾದ, ಹಿಡಿತದಲ್ಲಿದೆ. ಮಾರುವವನಿಗೆ ಇಷ್ಟು ಬಲವಿದ್ದೂ ಬೆಲೆ ತಳಕ್ಕಿಳಿದಿದೆ ಎಂಬುದು ಕಾಂಗೋಗೆ ಸಹಿಸಲಾಗಲಿಲ್ಲ. 2025ರ ಫೆಬ್ರವರಿ 22ರಂದು ನಾಲ್ಕು ತಿಂಗಳ ರಫ್ತು ನಿಷೇಧ ಜಾರಿಯಾಯಿತು. ಜೂನ್‌ನಲ್ಲಿ ಅದನ್ನು ಇನ್ನೂ ಮೂರು ತಿಂಗಳು ಮುಂದುವರಿಸಿದರು. ಅಕ್ಟೋಬರ್ 16ರಿಂದ ಕೋಟಾ ಪದ್ಧತಿ ಬಂತು. ಆ ವರ್ಷದ ಉಳಿದ ಅವಧಿಗೆ 18,125 ಟನ್, 2026 ಮತ್ತು 2027ಕ್ಕೆ ತಲಾ 96,600 ಟನ್. 2024ರಲ್ಲಿ ಆ ದೇಶ ತೆಗೆದದ್ದು ಅಂದಾಜು 2,20,000 ಟನ್ ಎಂಬುದನ್ನು ನೆನೆದರೆ ಕತ್ತರಿ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತದೆ.

ಒಂದು ಸಂಗತಿ ಗಮನಿಸಿ. ನಿಷೇಧ ಬಂದ ದಿನವೇ ಕಾರ್ಖಾನೆಗಳಿಗೆ ಬಿಸಿ ತಟ್ಟಲಿಲ್ಲ. ಕೊಲ್ವೇಜಿಯಿಂದ ಲಾರಿಗಳಲ್ಲಿ ಡರ್ಬನ್‌ಗೋ ದಾರ್-ಎಸ್-ಸಲಾಮ್‌ಗೋ ಹೋಗಿ, ಅಲ್ಲಿಂದ ಹಡಗೇರಿ ಚೀನಾ ತಲುಪುವ ಹೊತ್ತಿಗೆ ಸರಕಿಗೆ ಮೂರು ತಿಂಗಳ ವಯಸ್ಸಾಗಿರುತ್ತದೆ. ಮೊದಲೇ ಹೊರಟಿದ್ದ ಲಾರಿ-ಹಡಗುಗಳ ಸರಕು ಮುಗಿಯುವವರೆಗೆ ಸಂಸ್ಕರಣಾಗಾರಗಳು ನಡೆದವು. ವರ್ಷದ ಮಧ್ಯದಲ್ಲಿ ಚೀನಾದ ಆಮದು ಕುಸಿದ ಮೇಲೆ ಎರಡನೇ ಜಿಗಿತ ಬಂತು. ಇಷ್ಟರ ನಡುವೆಯೂ ತಾಮ್ರದ ರಫ್ತಿಗೆ ತಡೆಯಿರಲಿಲ್ಲ, ಗಣಿಗಳು ನಿಲ್ಲಲಿಲ್ಲ, ಕೋಬಾಲ್ಟ್ ಗಡಿಯೊಳಗೆ ಚೀಲಗಳಲ್ಲಿ ರಾಶಿ ಬೀಳುತ್ತಾ ಹೋಯಿತು. ಇಂದಿನ ಬೆಲೆಯನ್ನು ಎತ್ತಿ ಹಿಡಿದಿರುವುದು ಲೋಹದ ಕೊರತೆಯಲ್ಲ, ಒಂದು ಗೇಟು. ಗೇಟು ತೆರೆಯುವ ಅಧಿಕಾರ ಯಾರ ಕೈಯಲ್ಲಿದೆಯೋ ಮುನ್ಸೂಚನೆಯನ್ನು ಅವರನ್ನೇ ಕೇಳಬೇಕು. ನನ್ನಂಥವರ ಊಹೆಗೆ ಬೆಲೆಯಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಒಂದೊಂದು ಕಡೆ ಒಂದೊಂದು ದರ ಕಾಣುತ್ತದೆ. ನಿಜವಾದ ದರ ಯಾವುದು?

ಉತ್ತರ: ಮೊದಲು ಅಳತೆ ನೋಡಿ: ಹಳೆಯ ವ್ಯಾಪಾರಿಗಳು ಪೌಂಡ್ ಲೆಕ್ಕದಲ್ಲಿ ಮಾತನಾಡುತ್ತಾರೆ, ಟನ್‌ಗೆ 2,204.6 ಪೌಂಡ್. ಎರಡನೆಯದು ಸರಕಿನ ರೂಪ. ಲಂಡನ್ ದರ ಗಟ್ಟಿಲೋಹದ್ದು. ಕಾಂಗೋದಿಂದ ಹೊರಡುವುದು ಶೇ. 30ರಷ್ಟು ಕೋಬಾಲ್ಟ್ ಇರುವ ಹೈಡ್ರಾಕ್ಸೈಡ್ ಪುಡಿ. ಅದರಲ್ಲಿರುವ ಕೋಬಾಲ್ಟಿಗೆ ಲೋಹದ ದರದ ಶೇಕಡಾ ಇಷ್ಟು ಎಂದು ಹಣ ಕೊಡುತ್ತಾರೆ, ಮತ್ತು ಮಾರುಕಟ್ಟೆಯ ನಾಡಿ ಸಿಗುವುದು ಈ ಶೇಕಡಾವಾರಿನಲ್ಲಿ. ಸರಕು ತುಂಬಿ ತುಳುಕುತ್ತಿದ್ದ 2023ರಲ್ಲಿ ಅದು 60ರ ಆಸುಪಾಸಿಗೆ ಇಳಿದಿತ್ತು. ನಿಷೇಧದ ನಂತರ ನೂರರ ಹತ್ತಿರ ಬಂತು, ಅಂದರೆ ಸಂಸ್ಕರಿಸುವವನಿಗೆ ಲಾಭವೇ ಉಳಿಯದ ಸ್ಥಿತಿ. ಬ್ಯಾಟರಿಗೆ ಹೋಗುವ ಸಲ್ಫೇಟ್‌ಗೆ ಮತ್ತೊಂದು ದರ, ಜೆಟ್ ಎಂಜಿನ್ನಿನ ಮಿಶ್ರಲೋಹಕ್ಕೆ ಬೇಕಾದ ಅತಿ ಶುದ್ಧ ದರ್ಜೆಗೆ ಇನ್ನೊಂದು.

ಪ್ರಶ್ನೆ (ಮೈಸೂರಿನ ನಿವೃತ್ತ ಅಧ್ಯಾಪಕರು): ಕೋಬಾಲ್ಟ್ ಇಲ್ಲದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಬಂದ ಮೇಲೆ ಈ ಗೇಟಿಗೆ ಅರ್ಥ ಉಳಿಯುತ್ತದೆಯೇ?

ಉತ್ತರ: ಕಾಂಗೋದವರು ಚಿಂತಿಸಬೇಕಾದ ಪ್ರಶ್ನೆ ಇದೇ, ಮತ್ತು ಇದಕ್ಕೆ ಪೂರ್ವಕಥೆ ಇದೆ. 1978ರ ಮೇ ತಿಂಗಳಲ್ಲಿ, ಆ ದೇಶಕ್ಕೆ ಜೈರ್ ಎಂಬ ಹೆಸರಿದ್ದಾಗ, ಅಂಗೋಲಾ ಕಡೆಯಿಂದ ಬಂದ ಬಂಡುಕೋರರು ಕೊಲ್ವೇಜಿ ಪಟ್ಟಣವನ್ನು ಹಿಡಿದರು. ಫ್ರಾನ್ಸ್ ಮತ್ತು ಬೆಲ್ಜಿಯಂ ಪ್ಯಾರಾಟ್ರೂಪರುಗಳನ್ನು ಇಳಿಸಿದವು. ಗಣಿಯ ವಿದೇಶಿ ತಂತ್ರಜ್ಞರು ಊರು ಬಿಟ್ಟರು. ಪೌಂಡ್‌ಗೆ 7 ಡಾಲರ್‌ಗಿಂತ ಕಡಿಮೆಯಿದ್ದ ಉತ್ಪಾದಕರ ಅಧಿಕೃತ ದರ ಮರುವರ್ಷ 25 ಆಯಿತು, ಮುಕ್ತ ಮಾರುಕಟ್ಟೆಯಲ್ಲಿ 40 ದಾಟಿತು. ಬಳಕೆದಾರರು ಈ ಪೆಟ್ಟನ್ನು ಮರೆಯಲಿಲ್ಲ. ಧ್ವನಿವರ್ಧಕ ತಯಾರಕರು ಕೋಬಾಲ್ಟ್ ಬೆರೆತ ಆಲ್ನಿಕೋ ಅಯಸ್ಕಾಂತ ಬಿಟ್ಟು ಫೆರೈಟ್ ಹಿಡಿದರು. ಕೋಬಾಲ್ಟ್ ಬೇಡದ ಅಯಸ್ಕಾಂತಕ್ಕಾಗಿ ಜಪಾನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ನಡೆಸಿದ ಹುಡುಕಾಟದಲ್ಲಿ 1980ರ ದಶಕದ ಆರಂಭದಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಹುಟ್ಟಿತು. ಬೆಲೆ ಇಳಿದ ಮೇಲೂ ಹೋದ ಗಿರಾಕಿಗಳಲ್ಲಿ ಹೆಚ್ಚಿನವರು ಮರಳಲಿಲ್ಲ.

ಬ್ಯಾಟರಿಯಲ್ಲೂ ಇದೇ ನಡೆಯುತ್ತಿದೆ. 2018ರ ದರ ಕಂಡ ಕಾರು ಕಂಪನಿಗಳು ನಿಕಲ್ ಹೆಚ್ಚಿಸಿ ಕೋಬಾಲ್ಟ್ ತಗ್ಗಿಸಿದವು, ನಂತರ ಎಲ್‌ಎಫ್‌ಪಿಗೆ ಹೊರಳಿದವು. ಚೀನಾದ ಹೊಸ ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿ ಇಂದು ಮೂರನೇ ಎರಡು ಪಾಲಿಗಿಂತ ಹೆಚ್ಚು ಅದೇ. ನಮ್ಮಲ್ಲಿ ಟಾಟಾ ನೆಕ್ಸಾನ್ ಇವಿ ಓಡುವುದೂ ಅದರಲ್ಲೇ. ಆದರೂ ಕೋಬಾಲ್ಟ್ ಕಸವಾಗುವುದಿಲ್ಲ. ನಿಮ್ಮ ಮೊಬೈಲ್ ಫೋನಿನ ಬ್ಯಾಟರಿಯಲ್ಲಿರುವ ಲಿಥಿಯಂ ಕೋಬಾಲ್ಟ್ ಆಕ್ಸೈಡ್‌ನ ತೂಕದಲ್ಲಿ ಶೇ. 60 ಕೋಬಾಲ್ಟೇ, ಮತ್ತು ಅಷ್ಟು ಕಡಿಮೆ ಜಾಗದಲ್ಲಿ ಅಷ್ಟು ಶಕ್ತಿ ತುಂಬಲು ಎಲ್‌ಎಫ್‌ಪಿಗೆ ಬರುವುದಿಲ್ಲ. ಜೆಟ್ ಎಂಜಿನ್ ತಯಾರಕರಂತೂ ದರ ನೋಡಿ ಲೋಹ ಬದಲಿಸುವವರಲ್ಲ. ಇಂಡೋನೇಷ್ಯಾದ ನಿಕಲ್ ಘಟಕಗಳಿಂದ ಹೊರಬರುವ ಕೋಬಾಲ್ಟ್ ಜಾಗತಿಕ ಪೂರೈಕೆಯ ಹತ್ತನೇ ಒಂದು ಪಾಲಿಗೆ ಬಂದಿರುವುದು ಕಾಂಗೋಗೆ ಇನ್ನೊಂದು ತಲೆನೋವು: ಕೋಟಾ ಇಟ್ಟು ಬೆಲೆ ಏರಿಸುವವನು ತಾನು, ಆ ಬೆಲೆಗೆ ಮಾರುವವನು ನೆರೆಮನೆಯವನು.

ಪ್ರಶ್ನೆ (ಪೀಣ್ಯದ ಸದಸ್ಯರು, ಮತ್ತೆ): ಇದರಲ್ಲಿ ಭಾರತ ಎಲ್ಲಿದೆ? ನನ್ನಂಥ ಸಣ್ಣ ಘಟಕದವರು ಆರು ತಿಂಗಳ ಸರಕು ಕೂಡಿಡುವುದು ಒಳ್ಳೆಯದೇ?

ಉತ್ತರ: ಭಾರತದಲ್ಲಿ ಅದಿರಿನಿಂದ ಕೋಬಾಲ್ಟ್ ಉತ್ಪಾದನೆ ಇಲ್ಲ, ಬೇಕಾದದ್ದನ್ನು ಹೊರಗಿನಿಂದಲೇ ತರುತ್ತೇವೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಅದು ಸೇರಿದೆ; 2025ರ ಬಜೆಟ್ಟಿನಲ್ಲಿ ಕೋಬಾಲ್ಟ್ ಪುಡಿ ಮತ್ತು ತ್ಯಾಜ್ಯದ ಮೇಲಿನ ಮೂಲ ಸುಂಕವನ್ನು ತೆಗೆದರು. ಜಾಗತಿಕ ದರವನ್ನು ಅಲುಗಿಸುವ ಶಕ್ತಿ ನಮ್ಮ ಬೇಡಿಕೆಗೆ ಇಲ್ಲ. ನಾವು ದರವನ್ನು ಕೇಳುವವರು, ಹೇಳುವವರಲ್ಲ.

ಕೂಡಿಡುವ ವಿಷಯ. 2018ರ ಮಾರ್ಚ್‌ನಲ್ಲಿ, ಇನ್ನೂ ಏರುತ್ತದೆ ಎಂಬ ಭಯದಿಂದ, ನಾನು ಆಗ ಕೆಲಸ ಮಾಡುತ್ತಿದ್ದ ಘಟಕಕ್ಕೆ ಎಂಟು ತಿಂಗಳ ಪುಡಿಯನ್ನು ಒಟ್ಟಿಗೆ ಕೊಂಡೆ. ವರ್ಷ ಮುಗಿಯುವಷ್ಟರಲ್ಲಿ ಸ್ಪರ್ಧಿಗಳು ನಮ್ಮ ಅರ್ಧದಷ್ಟು ದರಕ್ಕೆ ಕೊಳ್ಳುತ್ತಿದ್ದರು, ಆ ಡಬ್ಬಿಗಳನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದೆ. ನಿಮ್ಮ ಇನ್ಸರ್ಟಿನಲ್ಲಿ ಕೋಬಾಲ್ಟಿನ ಭಾರ ಮೂರು ರೂಪಾಯಿಯಾಗಿರುವಾಗ ಅದಕ್ಕಾಗಿ ಬಂಡವಾಳ ಕಟ್ಟಿಹಾಕಬೇಡಿ. ಬದಲಿಗೆ, ಮುಂದಿನ ಒಪ್ಪಂದದಲ್ಲಿ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ದರಗಳನ್ನು ಬೇರೆ ಬೇರೆ ಬರೆಸಿ, ಯಾವ ತಿಂಗಳ ಯಾವ ಪ್ರಕಟಿತ ದರವೆಂಬುದನ್ನು ನಮೂದಿಸಿ, ಅದು ಇಳಿದಾಗ ನಿಮ್ಮ ದರವೂ ಇಳಿಯಬೇಕೆಂಬ ಸಾಲನ್ನು ಸೇರಿಸಿ. ಹಳೆಯ ಇನ್ಸರ್ಟುಗಳನ್ನು ಗುಜರಿಯವನಿಗೆ ಕಬ್ಬಿಣದ ಜೊತೆ ತೂಗಿ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಕಾರ್ಬೈಡ್ ಗುಜರಿಗೆ ಅದರದೇ ದರವಿದೆ, ಈಗ ಅದು ಚೆನ್ನಾಗಿಯೇ ಇದೆ.